ಸಂಪಾದಕರ ಉತ್ತರ: ನಾಯಿಯ ಕರುಳೂ ನಿಮ್ಮ ಮಾತ್ರೆಯೂ

ಗಂಗಾವತಿಯ ಹಿರಿಯ ಓದುಗರೊಬ್ಬರು, ನಮ್ಮ ಹಳೆಯ ಚಂದಾದಾರರು, ಹೀಗೆ ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಕರುಳಿನ ಹಾರ್ಮೋನುಗಳು ಹೇಗೆ ಬಿಡುಗಡೆಯಾಗುತ್ತವೆ ಎಂಬ ಸಂಶೋಧನೆಗೆ ಆರು ಪುಟ ಕೊಟ್ಟಿದ್ದೀರಿ. ನನಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಸಿಟಾಗ್ಲಿಪ್ಟಿನ್ ಮಾತ್ರೆ ನುಂಗುತ್ತೇನೆ. ಏನು ತಿನ್ನಬೇಕು, ಏನು ಬಿಡಬೇಕು ಎಂದು ಬರೆದರೆ ಉಪಯೋಗ. ನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ನಾಯಿಯ ಕರುಳಿಗೆ ಏನಾಯಿತು ಎಂಬುದು ನಮ್ಮ ಕಡೆಯ ರೈತನಿಗೆ ಯಾಕೆ ಬೇಕು?"

ಹಿರಿಯರೇ,

ನಿಮ್ಮ ಮಾತಿನಲ್ಲಿ ನ್ಯಾಯವಿದೆ. ಆಸ್ಪತ್ರೆಯ ಬಾಗಿಲಲ್ಲಿ ಬೆಳಗಿನಿಂದ ಚೀಟಿ ಹಿಡಿದು ಕುಳಿತವರಿಗೆ ಆರು ಪುಟದ ಲೇಖನದಿಂದ ನೋವು ಇಳಿಯುವುದಿಲ್ಲ. ಪಥ್ಯದ ಬಗ್ಗೆ ವೈದ್ಯರಿಂದ ಬರೆಸುತ್ತೇವೆ. ಇಷ್ಟು ಒಪ್ಪಿಕೊಂಡ ಮೇಲೆ ನಿಮ್ಮೊಡನೆ ನನ್ನದೊಂದು ಜಗಳವಿದೆ. ನೀವು ಬೇಡವೆಂದ ಪ್ರಶ್ನೆಯ ಹೊಟ್ಟೆಯಲ್ಲೇ ನಿಮ್ಮ ಮಾತ್ರೆ ಹುಟ್ಟಿದೆ.

1902ರ ಜನವರಿ 16. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಭಾವ ಮೈದುನರು, ಅರಿವಳಿಕೆ ಕೊಟ್ಟ ನಾಯಿಯೊಂದರ ಸಣ್ಣ ಕರುಳಿನ ತುಣುಕಿಗೆ ಹೋಗುವ ನರಗಳನ್ನು ಕತ್ತರಿಸಿ, ಅದರೊಳಗೆ ಆಮ್ಲ ಬಿಟ್ಟರು. ಊಟ ಬಂದಿದೆ ಎಂಬ ಸುದ್ದಿಯನ್ನು ಮೇದೋಜೀರಕ ಗ್ರಂಥಿಗೆ ಮುಟ್ಟಿಸುವುದು ನರಗಳೇ ಎಂದು ರಷ್ಯಾದ ಶರೀರವಿಜ್ಞಾನಿ ಪಾವ್ಲೊವ್ ಹೇಳುತ್ತಿದ್ದ ಕಾಲ ಅದು. ಇಲ್ಲಿ ನರವೇ ಇಲ್ಲ. ಆದರೂ ಗ್ರಂಥಿಯಿಂದ ರಸ ತೊಟ್ಟಿಕ್ಕಿತು. ಸ್ಟಾರ್ಲಿಂಗ್ ಕರುಳಿನ ಒಳಪದರವನ್ನು ಕೆರೆದು, ಮರಳು ಮತ್ತು ಆಮ್ಲ ಹಾಕಿ ಅರೆದು, ಸೋಸಿ, ರಕ್ತನಾಳಕ್ಕೆ ಚುಚ್ಚಿದರು. ಮತ್ತೆ ರಸ ಬಂತು. ಸುದ್ದಿ ರಕ್ತದಲ್ಲಿ ತೇಲಿ ಹೋಗಿತ್ತು! ಸುದ್ದಿ ಒಯ್ದ ಆ ವಸ್ತುವಿಗೆ ಸೆಕ್ರೆಟಿನ್ ಎಂದು ಹೆಸರಿಟ್ಟರು. 1905ರಲ್ಲಿ ಸ್ಟಾರ್ಲಿಂಗ್ 'ಹಾರ್ಮೋನ್' ಎಂಬ ಪದವನ್ನು ಬಳಕೆಗೆ ತಂದರು. ಇಂದು ಥೈರಾಯ್ಡ್‌ಗೂ ಇನ್ಸುಲಿನ್‌ಗೂ ಹೇಳುವ ಪದದ ತವರುಮನೆ ಕರುಳು. ಪಾವ್ಲೊವ್ ಇದೇ ಪ್ರಯೋಗವನ್ನು ತಮ್ಮಲ್ಲೂ ಮಾಡಿಸಿ ನೋಡಿದರು. ಮಾತಿಲ್ಲದೆ ಒಳಗೆ ಎದ್ದು ಹೋದವರು ಅರ್ಧ ಗಂಟೆಯ ಮೇಲೆ ಬಂದು, ಅವರು ಹೇಳಿದ್ದೇ ಸರಿ ಎಂದರಂತೆ. ಈ ಕಥೆಯನ್ನು ಎಷ್ಟು ಸಲ ಹೇಳಿದರೂ ನನಗೆ ದಣಿವಿಲ್ಲ.

ಈಗ ನಿಮ್ಮ ಮಾತ್ರೆಗೆ ಬರುತ್ತೇನೆ. ಗ್ಲುಕೋಸನ್ನು ರಕ್ತನಾಳಕ್ಕೆ ಹರಿಸಿದಾಗ ಬರುವುದಕ್ಕಿಂತ ಬಾಯಿಂದ ಕುಡಿದಾಗ ಬರುವ ಇನ್ಸುಲಿನ್ ಬಹಳ ಹೆಚ್ಚು ಎಂದು 1964ರಲ್ಲಿ ಸಂಶೋಧಕರು ಅಳೆದು ತೋರಿಸಿದರು. ಸಕ್ಕರೆ ಬರುತ್ತಿದೆ, ಸಿದ್ಧವಾಗಿರು ಎಂದು ಕರುಳು ಮೊದಲೇ ಹೇಳಿ ಕಳುಹಿಸುತ್ತದೆ. ಹಾಗೆ ಹೋಗುವ ದೂತರಲ್ಲಿ ಜಿಎಲ್‌ಪಿ-1 ಎಂಬ ಹಾರ್ಮೋನು ಒಂದು. ಪಾಪ, ಅದರ ಆಯುಷ್ಯ ಒಂದೆರಡು ನಿಮಿಷ. ಡಿಪಿಪಿ-4 ಎಂಬ ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. ನಿಮ್ಮ ಸಿಟಾಗ್ಲಿಪ್ಟಿನ್ ಆ ಕಿಣ್ವದ ಕೈ ಹಿಡಿದು ನಿಲ್ಲಿಸುತ್ತದೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ. ನಾಯಿಯ ಕರುಳಿನಿಂದ ನಿಮ್ಮ ಅಂಗೈಗೆ ನೂರನಾಲ್ಕು ವರ್ಷದ ದಾರಿ, ಮತ್ತು ಆ ದಾರಿಯುದ್ದಕ್ಕೂ "ಇದು ಯಾಕೆ ಬೇಕು" ಎಂದು ಕೇಳಬಹುದಾಗಿತ್ತು.

ಬಿಡುಗಡೆ ಹೇಗೆ ಎಂಬುದನ್ನಂತೂ ನಾನು ಬಿಡಲಾರೆ. ಕರುಳಿನ ಒಳಮೈಯ ನೂರು ಜೀವಕೋಶಗಳಲ್ಲಿ ಹಾರ್ಮೋನು ತಯಾರಿಸುವುದು ಹೆಚ್ಚುಕಡಿಮೆ ಒಂದೇ. ಆ ಒಂದು ಕೋಶದ ತುದಿ ಅನ್ನದ ಕಡೆಗೆ ಮುಖ ಮಾಡಿರುತ್ತದೆ, ಬುಡ ರಕ್ತದ ಕಡೆಗೆ. ಗ್ಲುಕೋಸ್ ತನ್ನ ಜೊತೆ ಸೋಡಿಯಂ ಕರೆದುಕೊಂಡು ಒಂದು ಬಾಗಿಲಿನಿಂದ ಒಳಗೆ ಬರುತ್ತದೆ, ಕೋಶದ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ಕ್ಯಾಲ್ಸಿಯಂ ನುಗ್ಗುತ್ತದೆ, ಹಾರ್ಮೋನು ತುಂಬಿದ ಪುಟ್ಟ ಚೀಲಗಳು ಬುಡದಲ್ಲಿ ಬಾಯಿ ತೆರೆಯುತ್ತವೆ. ಆ ಬಾಗಿಲು ಯಾವುದು ಗೊತ್ತೇ? ಭೇದಿಯಾದ ಮಗುವಿಗೆ ಓಆರ್‌ಎಸ್ ಕುಡಿಸಿದಾಗ ಉಪ್ಪು, ಸಕ್ಕರೆ ಎರಡೂ ಜೊತೆಯಾಗಿ ಒಳಹೋಗಿ ನೀರನ್ನು ಎಳೆದುಕೊಳ್ಳುವ ಬಾಗಿಲೇ ಅದು. ಇನ್ನು, ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದ ನಾರನ್ನು ಅಲ್ಲಿನ ಬ್ಯಾಕ್ಟೀರಿಯಾ ಹುಳಿಸಿದಾಗ ಬರುವ ಆಮ್ಲಗಳಿಗೂ ಈ ಕೋಶಗಳು ಓಗೊಡುತ್ತವೆ. ಹಾಗೆಂದು ಜೋಳದ ರೊಟ್ಟಿಯಿಂದ ಸಕ್ಕರೆ ಕಾಯಿಲೆ ವಾಸಿ ಎಂದು ಈ ಪತ್ರಿಕೆಯಲ್ಲಿ ನಾನು ಎಂದೂ ಅಚ್ಚು ಹಾಕುವುದಿಲ್ಲ. ನೀವು ಬಯಸುವ 'ಉಪಯೋಗದ' ಬರಹ ಜಾರಿ ಬೀಳುವುದು ಅಲ್ಲೇ.

ಹೋದ ಭಾನುವಾರ ಕೊಪ್ಪಳದಲ್ಲಿ ಮಾಂಸದಂಗಡಿಯ ಹಿಂದೆ ಒಬ್ಬ ತಾಯಿ ಬೋಟಿ ತೊಳೆಯುತ್ತಿದ್ದರು. ತೆಳ್ಳನೆಯ ಕಡ್ಡಿಯೊಂದನ್ನು ತೂರಿಸಿ ಆಡಿನ ಕರುಳನ್ನು ಕುಪ್ಪಸದ ತೋಳಿನಂತೆ ಒಳಗಿನದು ಹೊರಗೆ ಮಾಡುತ್ತಿದ್ದರು. ಗೇಣುದ್ದದ ತುಂಡು ಕೇಳಿ ಪಡೆದು, ತಣ್ಣೀರಿನ ಬಟ್ಟಲಲ್ಲಿ ಬಿಟ್ಟು ಭೂತಗನ್ನಡಿ ಹಿಡಿದೆ. ಬರಿಗಣ್ಣಿಗೆ ಮಖಮಲ್ಲಿನಂತಿದ್ದ ಮೈಯಿಂದ ಲೆಕ್ಕವಿಲ್ಲದಷ್ಟು ಸಣ್ಣ ಬೆರಳುಗಳು ನೀರಿನಲ್ಲಿ ಎದ್ದು ನಿಂತು ಓಲಾಡಿದವು. ಆ ತಾಯಿಗೂ ಗಾಜು ಕೊಟ್ಟೆ. ಬಹಳ ಹೊತ್ತು ನೋಡಿ, "ಇಷ್ಟು ವರ್ಷ ಇದನ್ನೇ ಕೆರೆದು ಚೆಲ್ಲಿದೆನಲ್ಲ" ಎಂದರು.

ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಈ ಭಾಗದ ಕಾಲೇಜೊಂದರಲ್ಲಿ ಮಾತನಾಡಲು ಹೋಗಿದ್ದೆ. ಕರುಳಿನ ಇನ್ನೊಂದು ಹಾರ್ಮೋನಿನ ಹೆಸರನ್ನು, 'ಕೋಲಿಸಿಸ್ಟೊಕೈನಿನ್' ಎಂದು, ಮಕ್ಕಳು ಒಂದಕ್ಷರ ತಪ್ಪದೆ ಹೇಳಿದರು. ಕರುಳಿನ ಒಳಮೈ ನೋಡಿದವರು ಕೈ ಎತ್ತಿ ಎಂದಾಗ ಒಂದು ಕೈಯೂ ಮೇಲೇಳಲಿಲ್ಲ. ಸೂಕ್ಷ್ಮದರ್ಶಕಗಳು ಬೀರುವಿನಲ್ಲಿದ್ದವು, ಬೀರುವಿಗೆ ಬೀಗವಿತ್ತು, ಬೀಗದ ಕೈ ಯಾರ ಬಳಿ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹೋರಾಡಿ ಪಡೆದ ಸಂವಿಧಾನದ 371(ಜೆ) ವಿಧಿ ನಮ್ಮ ಮಕ್ಕಳಿಗೆ ಸೀಟು ಕೊಟ್ಟಿತು, ನೌಕರಿ ಕೊಟ್ಟಿತು. ಆ ಬೀರುವಿನ ಬೀಗ ತೆಗೆಯಲು ಯಾವ ವಿಧಿ ಬೇಕು? ಹಿಂದುಳಿದ ಜಿಲ್ಲೆಯವರಿಗೆ ಬರ, ಗುಳೆ, ಪಡಿತರದ ಸುದ್ದಿ ಸಾಕು, ಕುತೂಹಲ ದೊಡ್ಡ ಊರಿನವರ ಸೊತ್ತು ಎಂದು ಹೊರಗಿನವರು ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಅದನ್ನೇ ನೀವು, ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆದು ಪ್ರತಿ ಸಂಚಿಕೆಯನ್ನೂ ಅಂಚಿನಿಂದ ಅಂಚಿನವರೆಗೆ ಓದುವ ನೀವು, ನಮ್ಮ ರೈತನಿಗೆ ಇದು ಯಾಕೆ ಎಂದರೆ ದುಃಖವಾಗುತ್ತದೆ. ಕಾಲುವೆಯ ಯಾವ ತೂಬು ಯಾವಾಗ ತೆರೆಯುತ್ತದೆ ಎಂದು ನಿದ್ದೆಗೆಟ್ಟು ಕಾಯುವವರು ನೀವು. ನಿಮ್ಮೊಳಗಿನ ತೂಬಿನ ಬಗ್ಗೆ ಆರು ಪುಟ ಹೆಚ್ಚಾಯಿತೇ?

ಲೇಖನದ ಎರಡನೇ ಭಾಗ ಅಚ್ಚಿಗೆ ಹೋಗಿದೆ. ಅದಕ್ಕೂ ಆರು ಪುಟ. ಮೊಮ್ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅವಳ ಹೆಸರಿಗೆ ಒಂದು ಪ್ರತಿಯ ಜೊತೆಗೆ ನನ್ನ ಭೂತಗನ್ನಡಿಯನ್ನೂ ಕಳುಹಿಸುತ್ತಿದ್ದೇನೆ. ಬಟ್ಟಲಿಗೆ ತಣ್ಣೀರನ್ನೇ ಹಾಕಲು ಹೇಳಿ. ಬಿಸಿನೀರಿನಲ್ಲಿ ಆ ಬೆರಳುಗಳು ಮುದುಡುತ್ತವೆ.