ಪಾರ್ಲರ್‌ನಲ್ಲಿ ಚೆನ್ನಾಗಿ ಕೂತ ಸೈಡ್ ಬ್ಯಾಂಗ್ಸ್ ಮನೆಯಲ್ಲಿ ಯಾಕೆ ಸೀಳುತ್ತದೆ?

ನೀವು ಕೇಳಿರುವುದು ಮೂರು ವಿಷಯ. ಪಾರ್ಲರ್‌ನಿಂದ ಬಂದ ದಿನ ಒಂದು ಕಡೆಗೆ ಚೆನ್ನಾಗಿ ಬಾಗಿ ನಿಂತಿದ್ದ ಬ್ಯಾಂಗ್ಸ್ (ಹಣೆಯ ಮೇಲೆ ಬೀಳುವಂತೆ ಗಿಡ್ಡವಾಗಿ ಕತ್ತರಿಸಿದ ಮುಂಗೂದಲು), ಮನೆಯಲ್ಲಿ ತಲೆಸ್ನಾನ ಆದ ಮೇಲೆ ನಡುವೆ ಸೀಳಿಕೊಂಡು ಹಣೆಗೆ ಅಂಟುತ್ತದೆ, ನಿಮ್ಮದು ಅಲೆಅಲೆ ಕೂದಲು. ಗುಂಗುರು ಕೂದಲಿನ ನಿಮ್ಮ ತಂಗಿಗೂ ಇದೇ ಕಟ್ ಮಾಡಿಸಬಹುದೇ ಎನ್ನುವುದು ಎರಡನೆಯದು. ಮುಂದಿನ ತಿಂಗಳ ಮದುವೆಗೆ ಸೀರೆ, ಬೈತಲೆ ಬೊಟ್ಟಿನ ಜೊತೆ ಇದನ್ನು ಹೇಗೆ ಹೊಂದಿಸುವುದು ಎನ್ನುವುದು ಮೂರನೆಯದು.

ಪಾರ್ಲರ್‌ನಲ್ಲಿ ಸರಿಯಾಗಿ ಕೂತಿತ್ತು ಅಂದರೆ ಕಟ್‌ನಲ್ಲಿ ತಪ್ಪಿಲ್ಲ. ತಪ್ಪುತ್ತಿರುವುದು ಒಣಗಿಸುವ ಕ್ರಮ. ಬ್ಯಾಂಗ್ಸ್ ಎತ್ತ ಬೀಳಬೇಕು ಅನ್ನೋದು ತುದಿಯಲ್ಲಿ ಅಲ್ಲ, ಬುಡದಲ್ಲಿ ತೀರ್ಮಾನವಾಗುತ್ತದೆ. ಅದೂ ಬುಡ ಇನ್ನೂ ಒದ್ದೆಯಾಗಿರುವ ಮೊದಲ ಕೆಲವು ನಿಮಿಷಗಳಲ್ಲಿ. ಕೂದಲು ನೆನೆದಾಗ ಅದರೊಳಗಿನ ಕೆರಾಟಿನ್ ಎಂಬ ಪ್ರೋಟೀನ್‌ನ ಹೈಡ್ರೋಜನ್ ಬಂಧಗಳು ಕಳಚಿಕೊಳ್ಳುತ್ತವೆ. ಒಣಗುವಾಗ ಎಳೆ ಯಾವ ಭಂಗಿಯಲ್ಲಿದೆಯೋ ಆ ಭಂಗಿಯಲ್ಲೇ ಮತ್ತೆ ಕಟ್ಟಿಕೊಳ್ಳುತ್ತವೆ. ಟವೆಲ್ ಸುತ್ತಿಕೊಂಡು ಕಾಫಿ ಕುಡಿದು, ಸೀರೆ ಉಟ್ಟು, ಆಮೇಲೆ ಡ್ರೈಯರ್ ಹಿಡಿಯುವ ಹೊತ್ತಿಗೆ ಹಣೆಯ ಮೇಲಿನ ತೆಳು ಕೂದಲು ತನ್ನಿಷ್ಟದಂತೆ ಒಣಗಿ ಮುಗಿದಿರುತ್ತದೆ. ಆಗ ಬುಡ ಮತ್ತೆ ನೆನೆಸದೆ ಎಷ್ಟು ಬಾಚಿದರೂ ಹೆಚ್ಚು ಪ್ರಯೋಜನವಿಲ್ಲ.

ಹಾಗಾಗಿ ಸ್ನಾನವಾದ ಕೂಡಲೇ ಉಳಿದ ತಲೆಯನ್ನು ಟವೆಲ್‌ನಲ್ಲೇ ಬಿಟ್ಟು ಬ್ಯಾಂಗ್ಸ್ ಮಾತ್ರ ಹೊರತೆಗೆಯಿರಿ. ಉಜ್ಜಬೇಡಿ, ಹಳೆಯ ಕಾಟನ್ ಬಟ್ಟೆಯಿಂದ ಒತ್ತಿ ನೀರು ಹಿಂಡಿ. ಡ್ರೈಯರ್‌ಗೆ ಮುಂದಿನ ಚಪ್ಪಟೆ ಮೂತಿ ಹಾಕಿ, ಮಧ್ಯಮ ಬಿಸಿ, ಕಡಿಮೆ ಗಾಳಿ ಇಟ್ಟು, ಸುಮಾರು 15 ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ಗಾಳಿ ಯಾವಾಗಲೂ ಬುಡದಿಂದ ತುದಿಯ ಕಡೆಗೆ ಹರಿಯಬೇಕು. ಕೆಳಗಿನಿಂದ ಮೇಲಕ್ಕೆ ಊದಿದರೆ ಎಳೆಯ ಮೇಲ್ಪದರದ ಪೊರೆಗಳು ಎದ್ದು ಕೂದಲು ಕೆದರುತ್ತದೆ.

ಈಗ ಮುಖ್ಯವಾದ ಹೆಜ್ಜೆ. ಬ್ಯಾಂಗ್ಸ್ ಬಲಕ್ಕೆ ಬೀಳಬೇಕು ಅಂತಿಟ್ಟುಕೊಳ್ಳಿ. ಚಪ್ಪಟೆ ಬ್ರಷ್ ಅಥವಾ ಸಾಮಾನ್ಯ ಬಾಚಣಿಗೆಯಿಂದ ಹಣೆಗೆ ಒತ್ತಿದಂತೆ ಮೊದಲು ಪೂರ್ತಿ ಎಡಕ್ಕೆ ಐದಾರು ಸಲ ಬಾಚಿ, ಗಾಳಿ ಬ್ರಷ್‌ನ ಹಿಂದೆಯೇ ಹೋಗಲಿ. ಆಮೇಲೆ ಪೂರ್ತಿ ಬಲಕ್ಕೆ ಐದಾರು ಸಲ. ಮತ್ತೆ ಎಡಕ್ಕೆ. ಬುಡ ಮುಟ್ಟಿದರೆ ಒಣಗಿದಂತೆ, ತುದಿ ಇನ್ನೂ ತುಸು ತಂಪಾಗಿ ಇರುವವರೆಗೆ ಹೀಗೆ ಅತ್ತಿತ್ತ ಮಾಡಿ. ಎರಡು ಮೂರು ನಿಮಿಷ ಸಾಕು. ಹೀಗೆ ಮಾಡಿದಾಗ ಬುಡ ಯಾವ ಕಡೆಗೂ ಗಟ್ಟಿಯಾಗಿ ಬಗ್ಗದೆ ನೆಟ್ಟಗಾಗುತ್ತದೆ, ಸೀಳುವ ಅಭ್ಯಾಸ ಅಳಿಸಿಹೋಗುತ್ತದೆ. ಬಹಳಷ್ಟು ಜನ ಮೊದಲಿನಿಂದಲೂ ಬಲಕ್ಕೇ ಬಾಚಿ ಒಣಗಿಸುತ್ತಾರೆ. ಅದರಿಂದ ಬುಡ ಚಪ್ಪಟೆಯಾಗಿ ಮಲಗಿ, ಸ್ವಲ್ಪ ಬೆವರಿದರೆ ಸಾಕು, ಬ್ಯಾಂಗ್ಸ್ ಹಣೆಗೆ ಅಂಟಿಬಿಡುತ್ತದೆ.

ಕೊನೆಯ ಸುತ್ತಿಗೆ 4 ಸೆಂಟಿಮೀಟರ್ ಆಸುಪಾಸಿನ ರೌಂಡ್ ಬ್ರಷ್ ತೆಗೆದುಕೊಳ್ಳಿ. ಅದಕ್ಕಿಂತ ಸಣ್ಣದಾದರೆ ತುದಿ ಬಳೆಯಂತೆ ಸುರುಳಿಯಾಗುತ್ತದೆ. ಬ್ರಷ್ ಕೂದಲಿನ ಅಡಿಯಲ್ಲಿರಲಿ. ಮೊದಲು ಮೂಗಿನ ನೇರಕ್ಕೆ ಮುಂದಕ್ಕೆ ಎಳೆದು, ತುದಿ ಹತ್ತಿರ ಬಂದಾಗ ಮಣಿಕಟ್ಟು ತಿರುಗಿಸಿ ಬಲಕ್ಕೆ ಬಿಡಿ. ಬಿಸಿ ನಿಲ್ಲಿಸಿ, ತಣ್ಣನೆ ಗಾಳಿಯನ್ನು 10-15 ಸೆಕೆಂಡ್ ಕೊಟ್ಟ ಮೇಲೆಯೇ ಬ್ರಷ್ ಹೊರಗೆಳೆಯಿರಿ. ಬಿಸಿಯಿರುವಾಗಲೇ ಬಿಟ್ಟರೆ ಬಾಗು ಕಣ್ಣೆದುರಿಗೇ ಸಡಿಲವಾಗುತ್ತದೆ. ಆಕಾರ ನಿಲ್ಲುವುದು ತಣಿಯುವಾಗ. ಡ್ರೈಯರ್ ಇಲ್ಲದವರು ಮುಕ್ಕಾಲು ಒಣಗಿದ ಬ್ಯಾಂಗ್ಸ್ ಅನ್ನು 4-5 ಸೆಂಟಿಮೀಟರಿನ ವೆಲ್ಕ್ರೋ ರೋಲರ್‌ಗೆ ಸುತ್ತಿ 15-20 ನಿಮಿಷ ಬಿಡಬಹುದು. ಕ್ಲಿಪ್ ಹಾಕಿ ಒಣಗಿಸುವುದಾದರೆ ಕ್ಲಿಪ್ಪಿನ ಅಡಿ ಒಂದು ಟಿಶ್ಯೂ ಮಡಿಸಿಡಿ, ಇಲ್ಲದಿದ್ದರೆ ಕೂದಲಿನ ಮೇಲೆ ಗೆರೆಯಂಥ ತಗ್ಗು ಬೀಳುತ್ತದೆ.

ಅಲೆಅಲೆ ಕೂದಲಿಗೆ ಒಣಗಿದ ಮೇಲೆ ಸೀರಂ ಬೇಕು, ಆದರೆ ಅರ್ಧ ಬಟಾಣಿಯಷ್ಟು ಮಾತ್ರ. ಅಂಗೈಗೆ ಉಜ್ಜಿ, ಮೊದಲು ಜಡೆಯ ತುದಿಗೆ ಸವರಿ, ಕೈಯಲ್ಲಿ ಉಳಿದ ಪಸೆಯನ್ನಷ್ಟೇ ಬ್ಯಾಂಗ್ಸ್ ತುದಿಗೆ ಮುಟ್ಟಿಸಿ. ಬುಡಕ್ಕೆ ಬೇಡವೇ ಬೇಡ.

ಇಷ್ಟು ಮಾಡಿಯೂ ಒಂದೇ ಜಾಗದಲ್ಲಿ ಸೀಳುತ್ತಿದೆ ಅಂದರೆ ಅಲ್ಲೊಂದು ಸುಳಿ ಇರಬಹುದು. ಒದ್ದೆ ತಲೆಯನ್ನು ನೇರ ಹಿಂದಕ್ಕೆ ಬಾಚಿ, ನೆತ್ತಿಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿ ನೋಡಿ. ಕೂದಲು ತಾನಾಗಿ ಒಡೆದುಕೊಳ್ಳುವ ಗೆರೆ ನಿಮ್ಮ ಸಹಜ ಬೈತಲೆ. ಹಣೆಯಂಚಿನಲ್ಲಿ ಕೂದಲು ತಿರುಗಿ ನಿಲ್ಲುವ ಜಾಗ ಸುಳಿ. ಸುಳಿ ತಿರುಗುವ ದಿಕ್ಕಿಗೇ ಬ್ಯಾಂಗ್ಸ್ ಬಿಟ್ಟರೆ ಅರ್ಧ ಕೆಲಸ ಕಡಿಮೆ. ಅದಕ್ಕೆ ಎದುರಾಗಿ ಕತ್ತರಿಸಿದ್ದರೆ ದಿನಾ ಬೆಳಿಗ್ಗೆ ಗುದ್ದಾಟ ತಪ್ಪಿದ್ದಲ್ಲ, ಮುಂದಿನ ಟ್ರಿಮ್‌ನಲ್ಲಿ ದಿಕ್ಕು ಬದಲಿಸಿ ಅಂತ ಕೇಳಿಕೊಳ್ಳುವುದೇ ನನ್ನ ಸಲಹೆ.

ತಂಗಿಯ ವಿಷಯ. ಗುಂಗುರು ಕೂದಲಿಗೂ ಸೈಡ್ ಬ್ಯಾಂಗ್ಸ್ ತುಂಬ ಚೆನ್ನಾಗಿ ಒಪ್ಪುತ್ತದೆ. ಮುಂಗುರುಳು ಅಂತ ನಮ್ಮವರು ಹೆಸರಿಟ್ಟಿದ್ದೇ ಹಣೆಯ ಮೇಲೆ ಸುರುಳಿಯಾಗಿ ಬೀಳುವ ಇಂಥ ಕೂದಲಿಗೆ. ಆದರೆ ನಿಮ್ಮ ಕಟ್ ಅನ್ನು ಹಾಗೇ ಅವಳಿಗೆ ಹೊರಿಸಬಾರದು. ಕತ್ತರಿಸುವುದು ಒಣ ಕೂದಲಿನಲ್ಲೇ, ಸುರುಳಿ ತನ್ನ ಜಾಗದಲ್ಲಿ ಕೂತ ಮೇಲೆಯೇ ಆಗಬೇಕು. ಒದ್ದೆಯಲ್ಲಿ ಹುಬ್ಬಿನ ಮಟ್ಟಕ್ಕೆ ಕತ್ತರಿಸಿದ ಗುಂಗುರು, ಒಣಗಿದಾಗ ಹಣೆಯ ನಡುವಿಗೆ ಏರಿ ನಿಲ್ಲುತ್ತದೆ. ಎಷ್ಟು ಏರುತ್ತದೆ ಅನ್ನೋದು ಸುರುಳಿ ಎಷ್ಟು ಬಿಗಿ ಅನ್ನೋದರ ಮೇಲೆ. ಮೊದಲ ಸಲ ಬೇಕಾದ ಉದ್ದಕ್ಕಿಂತ 3-4 ಸೆಂಟಿಮೀಟರ್ ಹೆಚ್ಚೇ ಬಿಡಿಸಿ, ಒಂದು ವಾರ ನೋಡಿ, ಆಮೇಲೆ ಇಳಿಸಿ. ಥಿನ್ನಿಂಗ್ ಕತ್ತರಿ (ಕೂದಲು ತೆಳುವಾಗಿಸುವ ಹಲ್ಲಿನ ಕತ್ತರಿ) ಹಾಕಿಸಬೇಡಿ. ಒಳಗಿನ ತುಂಡು ಎಳೆಗಳು ಸುರುಳಿಗೆ ಸೇರದೆ ಹೊರಗೆ ಚಿಮ್ಮಿ, ಇಡೀ ಬ್ಯಾಂಗ್ಸ್ ಹತ್ತಿಯುಂಡೆಯ ಹಾಗೆ ಕಾಣುತ್ತದೆ.

ಅವಳು ಒಣಗಿಸುವ ರೀತಿಯೂ ಬೇರೆ. ನೀರು ತೊಟ್ಟಿಕ್ಕುವಷ್ಟು ಒದ್ದೆಯಿರುವಾಗ ಕಡಲೆಕಾಳಷ್ಟು ಜೆಲ್ ಸವರಿ, ಬ್ಯಾಂಗ್ಸ್ ಅನ್ನು ಮೂರು ನಾಲ್ಕು ಎಳೆಗುಚ್ಛ ಮಾಡಿ, ಒಂದೊಂದನ್ನೂ ಅದರ ಸುರುಳಿಯ ದಿಕ್ಕಿಗೇ ಬೆರಳಿಗೆ ಸುತ್ತಿ ಬಿಡಬೇಕು. ಬೈತಲೆಯ ಬುಡದಲ್ಲಿ ಒಂದು ಸಣ್ಣ ಕ್ಲಿಪ್ ನೆಟ್ಟಗೆ ನಿಲ್ಲಿಸಿ ಬುಡ ಎತ್ತಿಡಿ. ಡಿಫ್ಯೂಸರ್ (ಗಾಳಿ ಹರಡಲು ಡ್ರೈಯರ್ ಮೂತಿಗೆ ಹಾಕುವ ಬಟ್ಟಲು) ಇದ್ದರೆ ಕಡಿಮೆ ಗಾಳಿಯಲ್ಲಿ, ಇಲ್ಲದಿದ್ದರೆ ಹಾಗೇ ಒಣಗಲಿ. ಪೂರ್ತಿ ಒಣಗುವವರೆಗೆ ಕೈ ಹಾಕಬಾರದು. ಮುಟ್ಟಿದರೆ ಕೆದರುತ್ತದೆ. ಒಣಗಿದಾಗ ಜೆಲ್‌ನಿಂದ ಸುರುಳಿಗಳು ಗಂಜಿ ಹಾಕಿದ ಬಟ್ಟೆಯಂತೆ ಬಿರುಸಾಗಿರುತ್ತವೆ. ಗಾಬರಿ ಬೇಡ, ಒಂದು ಹನಿ ಕೊಬ್ಬರಿ ಎಣ್ಣೆ ಅಂಗೈಗೆ ಸವರಿ ಮೆತ್ತಗೆ ಹಿಸುಕಿದರೆ ಬಿರುಸು ಒಡೆದು ಮೃದುವಾದ ಸುರುಳಿ ಉಳಿಯುತ್ತದೆ. ಬ್ಯಾಂಗ್ಸ್ ಮಾತ್ರ ಐರನ್ ಮಾಡಿ ನೆಟ್ಟಗೆ ಮಾಡಿಕೊಳ್ಳುತ್ತೇನೆ ಅಂದರೆ ದಯವಿಟ್ಟು ತಡೆಯಿರಿ. ದಿನಾ ಬಿಸಿ ತಾಗಿದ ಮುಂದಿನ ಎಳೆಗಳು ಕ್ರಮೇಣ ಸುರುಳಿಯನ್ನೇ ಮರೆಯುತ್ತವೆ, ಆಮೇಲೆ ಹಿಂದೆ ಗುಂಗುರು, ಮುಂದೆ ನಾರು.

ಇದನ್ನು ಓದುವ ಬೇರೆಯವರಿಗಾಗಿ ನೇರ ಕೂದಲಿನ ಬಗ್ಗೆಯೂ ಹೇಳುತ್ತೇನೆ. ತೆಳು ಎಳೆಯ ನೇರ ಕೂದಲಿಗೆ ಶತ್ರು ಜಿಡ್ಡು. ಕಂಡಿಷನರ್ ಬ್ಯಾಂಗ್ಸ್‌ಗೆ ತಾಗದಂತೆ ನೋಡಿಕೊಳ್ಳಿ. ಹಣೆಗೆ ಹಚ್ಚಿದ ಕ್ರೀಮ್, ಸನ್‌ಸ್ಕ್ರೀನ್ ಆರಿದ ಮೇಲಷ್ಟೇ ಕೂದಲು ಇಳಿಬಿಡಿ. ಡ್ರೈ ಶ್ಯಾಂಪೂ (ನೀರಿಲ್ಲದೆ ಜಿಡ್ಡು ಹೀರುವ ಸ್ಪ್ರೇ) ಹಾಕುವುದಿದ್ದರೆ ಜಿಡ್ಡಾದ ಮೇಲೆ ಅಲ್ಲ, ಆಗುವ ಮೊದಲು. ಬ್ಯಾಂಗ್ಸ್ ಎತ್ತಿ ಹಿಡಿದು ಒಳಬದಿಯ ಬುಡಕ್ಕೆ 20 ಸೆಂಟಿಮೀಟರ್ ದೂರದಿಂದ ಸಿಂಪಡಿಸಿ, ಎರಡು ನಿಮಿಷ ಬಿಟ್ಟು ಬಾಚಿ. ಕಪ್ಪು ಕೂದಲಿನ ಮೇಲೆ ಹತ್ತಿರದಿಂದ ಹೊಡೆದರೆ ಬೂದಿಯಂತೆ ಕಾಣುತ್ತದೆ. ದಿನಬಿಟ್ಟು ದಿನ ಇಡೀ ತಲೆ ತೊಳೆಯಬೇಕಿಲ್ಲ. ಉಳಿದದ್ದನ್ನು ಕಟ್ಟಿ, ವಾಷ್‌ಬೇಸಿನ್‌ನಲ್ಲಿ ಬ್ಯಾಂಗ್ಸ್ ಮಾತ್ರ ತೊಳೆದರೆ ಸಾಕು.

ದಪ್ಪ ನೇರ ಕೂದಲಿನ ತೊಂದರೆ ಭಾರ. ಬ್ಯಾಂಗ್ಸ್‌ಗೆ ಸಾಮಾನ್ಯವಾಗಿ ಹಣೆಯಂಚಿನಿಂದ 5-6 ಸೆಂಟಿಮೀಟರ್ ಹಿಂದಕ್ಕೆ ತ್ರಿಕೋನ ತೆಗೆಯುತ್ತಾರೆ. ದಪ್ಪ ಕೂದಲಿಗೆ 4 ಸಾಕು, ಇಲ್ಲದಿದ್ದರೆ ಹಣೆಯ ಮೇಲೆ ಪರದೆ ಇಳಿಬಿಟ್ಟಂತಾಗುತ್ತದೆ. ಇದಕ್ಕೆ ಐರನ್ ಬಳಸಬಹುದು: ಪೂರ್ತಿ ಒಣಗಿರಬೇಕು, ಬಿಸಿಯಿಂದ ಕಾಪಾಡುವ ಹೀಟ್ ಪ್ರೊಟೆಕ್ಟರ್ ಹಚ್ಚಿರಬೇಕು, 170-180 ಡಿಗ್ರಿ ಸೆಲ್ಸಿಯಸ್, ಒಂದೇ ಎಳೆತ. ತೆಳು ಕೂದಲಿಗೆ 150 ದಾಟಬೇಡಿ. ಕೊನೆಯಲ್ಲಿ ಐರನ್ ಅನ್ನು ತುಸು ಒಳಗೆ ತಿರುಗಿಸುತ್ತಾ ಪಕ್ಕಕ್ಕೆ ಬಿಡಿ. ತಡೆದು ನಿಲ್ಲಿಸಿದ ಜಾಗದಲ್ಲಿ ಮಡಿಕೆ ಬೀಳುತ್ತದೆ.

ಮುಖದ ಆಕಾರದ ನಿಯಮಗಳನ್ನು ನಾನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಎರಡು ಮಾತ್ರ ಕೆಲಸಕ್ಕೆ ಬರುತ್ತವೆ. ದುಂಡು ಮುಖಕ್ಕೆ ಅತಿ ಉದ್ದದ ಎಳೆ ಕೆನ್ನೆಯ ಮೂಳೆಗಿಂತ ಕೆಳಗೆ ಮುಗಿಯಲಿ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಕತ್ತರಿಸಿಕೊಳ್ಳಿ, ತುದಿ ಸರಿಯಾಗಿ ಫ್ರೇಮಿನ ಮೇಲಂಚಿಗೆ ಬಂದರೆ ದಿನವಿಡೀ ಚುಚ್ಚುತ್ತದೆ.

ಊರು, ನೀರು, ಹವೆಯ ಲೆಕ್ಕವೂ ಇದೆ. ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಿ, ಮಳೆಗಾಲದಲ್ಲಿ ಗಾಳಿಯ ತೇವವೇ ಕೂದಲಿನ ಆ ಹೈಡ್ರೋಜನ್ ಬಂಧಗಳನ್ನು ಮತ್ತೆ ಕಳಚುತ್ತದೆ. ಅಲ್ಲಿ ನೆಟ್ಟಗೆ ಮಾಡುವ ಹಟ ಬಿಟ್ಟು, ತುಸು ಉದ್ದವಾಗಿ, ಅಲೆ ಇದ್ದ ಹಾಗೆಯೇ ಕಿವಿಯ ಕಡೆಗೆ ಇಳಿಯುವಂತೆ ಮಾಡಿಸುವುದು ಒಳ್ಳೆಯದು. ಬೋರ್‌ವೆಲ್ಲಿನ ಗಡಸು ನೀರಿರುವ ಕಡೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕೂತು ಎಳೆ ಒರಟಾಗುತ್ತದೆ. ಇಡೀ ತಲೆಗೆ ಫಿಲ್ಟರ್ ನೀರು ಎಲ್ಲಿಂದ ತರುವುದು, ಆದರೆ ಬ್ಯಾಂಗ್ಸ್‌ಗೆ ಕೊನೆಯಲ್ಲಿ ಅರ್ಧ ಚೊಂಬು ಸಾಲುತ್ತದೆ. ಹೆಲ್ಮೆಟ್ ಹಾಕುವವರು ಬ್ಯಾಂಗ್ಸ್ ಅನ್ನು ಅದರ ಎದುರು ದಿಕ್ಕಿಗೆ ಹೊರಳಿಸಿ ಹಾಕಿಕೊಳ್ಳಿ. ತೆಗೆದ ಮೇಲೆ ಮತ್ತೆ ತನ್ನ ಕಡೆಗೆ ಹೊರಳಿಸಿದಾಗ ಬುಡ ಎದ್ದು ನಿಲ್ಲುತ್ತದೆ. ಎಣ್ಣೆ ಹಚ್ಚುವ ದಿನ ಬ್ಯಾಂಗ್ಸ್ ಅನ್ನು ಹಿಂದಕ್ಕೆ ಪಿನ್ ಮಾಡಿ. ಎಣ್ಣೆ ಕೂದಲು ಹಣೆಗೆ ತಾಗುತ್ತಿದ್ದರೆ ಸಣ್ಣ ಗುಳ್ಳೆಗಳು ಏಳುತ್ತವೆ.

ಇನ್ನು ಮದುವೆ. ಬೈತಲೆ ಬೊಟ್ಟಿಗೆ ನಡುಬೈತಲೆ ಬೇಕು, ಬ್ಯಾಂಗ್ಸ್‌ಗೆ ಪಕ್ಕದ ಬೈತಲೆ. ಎರಡೂ ಒಟ್ಟಿಗೆ ಆಗುತ್ತದೆ. ಬ್ಯಾಂಗ್ಸ್‌ನ ತ್ರಿಕೋನವನ್ನು ಮೊದಲು ಬೇರ್ಪಡಿಸಿ ಮುಂದಕ್ಕೆ ಕ್ಲಿಪ್ ಮಾಡಿ. ಅದರ ಹಿಂದಿನ ಕೂದಲಿಗೆ ನಡುಬೈತಲೆ ತೆಗೆದು ತುರುಬೋ ಮೊಗ್ಗಿನ ಜಡೆಯೋ ಮುಗಿಸಿ. ಬೊಟ್ಟಿನ ಕೊಕ್ಕೆಯನ್ನು ತ್ರಿಕೋನದ ತುದಿಗೆ ಒಂದು ಸೆಂಟಿಮೀಟರ್ ಹಿಂದೆ, ಅಡ್ಡಡ್ಡ ಹಾಕಿದ ಎರಡು ಹೇರ್‌ಪಿನ್‌ಗೆ ಸಿಕ್ಕಿಸಿ. ಆಮೇಲೆ ಬ್ಯಾಂಗ್ಸ್ ಬಿಟ್ಟು ಸೆಟ್ ಮಾಡಿ, ಸರಪಳಿಯನ್ನು ಅದರ ಮೇಲೆ ಮಲಗಿಸಿ. ಸರಪಳಿ ಭಾರವಿದ್ದರೆ ಬ್ಯಾಂಗ್ಸ್ ಅದುಮಿಹೋಗುತ್ತದೆ, ಹಗುರವಾದದ್ದೇ ಆರಿಸಿ. ಸ್ಪ್ರೇಯನ್ನು ನೇರ ಹೊಡೆಯದೆ ಬಾಚಣಿಗೆಗೆ ಹೊಡೆದು ಒಮ್ಮೆ ಬಾಚಿ. ಧಾರೆಯ ಹೊತ್ತಿಗೆ ಬೆವರು, ಹೋಮದ ಹೊಗೆ ಎಲ್ಲ ಇರುವುದರಿಂದ ಪರ್ಸ್‌ನಲ್ಲಿ ಎರಡು ಕಪ್ಪು ಪಿನ್ ಇಟ್ಟುಕೊಳ್ಳಿ. ತೀರಾ ತಡೆಯಲಾಗದಿದ್ದರೆ ಬ್ಯಾಂಗ್ಸ್ ಅನ್ನು ಎರಡು ಸಲ ಹೊಸೆದು ಕಿವಿಯ ಮೇಲ್ಗಡೆ, ಹೂವಿನ ದಂಡೆಯ ಅಡಿಗೆ ಪಿನ್ ಸಿಕ್ಕಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಟ್ರಿಮ್ ಅನ್ನು ಮದುವೆಯ ಹಿಂದಿನ ದಿನ ಮಾಡಿಸಬೇಡಿ, ಒಂದು ವಾರ ಮೊದಲು ಮಾಡಿಸಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್‌ಗಿಂತ ತುಸು ಹೆಚ್ಚು ಬೆಳೆಯುವುದರಿಂದ ಉಳಿದ ದಿನಗಳಲ್ಲಿ ನಾಲ್ಕು ವಾರಕ್ಕೊಮ್ಮೆ ಸಾಕು. ಮನೆಯಲ್ಲೇ ಮಾಡಿಕೊಳ್ಳುವುದಾದರೆ ಒಣಗಿಸಿ, ಸೆಟ್ ಮಾಡಿದ ಮೇಲೆ ಮಾಡಿ. ಕೂದಲನ್ನು ಬಿಗಿಯಾಗಿ ಎಳೆಯದೆ ಎರಡು ಬೆರಳ ನಡುವೆ ಸಡಿಲವಾಗಿ ಹಿಡಿದು, ಕತ್ತರಿಯನ್ನು ಅಡ್ಡ ಹಿಡಿಯದೆ ತುದಿಗೆ ನೆಟ್ಟಗೆ ಚುಚ್ಚಿದಂತೆ ಹಿಡಿದು, ಒಮ್ಮೆಗೆ 3 ಮಿಲಿಮೀಟರ್ ತೆಗೆಯಿರಿ. ಗಿಡ್ಡ ಬದಿಯಿಂದ ಶುರುಮಾಡಿ ಉದ್ದದ ಬದಿಗೆ ಹೋಗಿ. ಪ್ರತಿ ಸುತ್ತಿಗೂ ಕೈಬಿಟ್ಟು, ತಲೆ ಒಮ್ಮೆ ಕೊಡವಿ, ಕನ್ನಡಿಯಲ್ಲಿ ನೋಡಿ ಮುಂದುವರಿಯಿರಿ.