ಸಂಶೋಧನೆ ಮಾಡುವಾಗ ಕಾಡುವ ಆತಂಕ ನನ್ನ ದೌರ್ಬಲ್ಯವೇ?

ಗುಬ್ಬಿಯಿಂದ ತುಮಕೂರಿಗೆ ದಿನವೂ ಓಡಾಡುತ್ತಾ ಪಿಎಚ್.ಡಿ. ಮಾಡುತ್ತಿರುವ ನೀವು, ಗೈಡ್ ಫೋನ್ ಮಾಡಿದರೆ ಎದೆ ಬಡಿದುಕೊಳ್ಳುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ, ಇದು ನನ್ನ ದೌರ್ಬಲ್ಯವೇ, ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಖಂಡಿತ ದೌರ್ಬಲ್ಯವಲ್ಲ. ತುಮಕೂರಿನಲ್ಲೇ ಸಂಶೋಧನೆ ಮುಗಿಸಿದ ನಾನು ನನ್ನ ಜೊತೆಯವರಲ್ಲಿ ಕಂಡದ್ದೂ ಇದನ್ನೇ.

2018ರಲ್ಲಿ ‘ನೇಚರ್ ಬಯೋಟೆಕ್ನಾಲಜಿ’ ಪತ್ರಿಕೆ ಪ್ರಕಟಿಸಿದ ಸಮೀಕ್ಷೆಯಲ್ಲಿ 26 ದೇಶಗಳ 2,279 ಮಂದಿ ಉತ್ತರಿಸಿದ್ದರು. ಅವರಲ್ಲಿ ಹೆಚ್ಚಿನವರು ಪಿಎಚ್.ಡಿ. ವಿದ್ಯಾರ್ಥಿಗಳು. ಶೇ. 41ರಷ್ಟು ಮಂದಿಯ ಆತಂಕ ಮಧ್ಯಮದಿಂದ ತೀವ್ರ ಮಟ್ಟದಲ್ಲಿತ್ತು. ತಾವಾಗಿ ಮುಂದೆ ಬಂದು ಉತ್ತರಿಸಿದವರ ಲೆಕ್ಕವಾದ್ದರಿಂದ ಅದನ್ನು ಎಲ್ಲರಿಗೂ ಅನ್ವಯಿಸುವುದು ಸರಿಯಲ್ಲವಾದರೂ, ಆತಂಕಪಡುವವರು ನೀವೊಬ್ಬರೇ ಅಲ್ಲ ಎಂಬುದಕ್ಕೆ ಅಷ್ಟು ಸಾಕು.

ನನ್ನ ಮಟ್ಟಿಗೆ ಈ ಆತಂಕದ ಮೂಲ ಕೆಲಸದ ಅಸ್ಪಷ್ಟತೆಯಲ್ಲಿದೆ. ಅಧ್ಯಾಯವನ್ನು ಓದಿದ ಗೈಡ್ ‘ಇನ್ನೂ ಸ್ವಲ್ಪ ಆಳಕ್ಕೆ ಇಳಿಯಬೇಕಿತ್ತು’ ಎಂದು ಹೇಳಿ ಕಳಿಸಿದರೆ, ಎಷ್ಟು ಆಳ, ಯಾವ ದಿಕ್ಕಿನಲ್ಲಿ ಎಂದು ತಿಳಿಯದೆ ವಾರಗಟ್ಟಲೆ ಒದ್ದಾಡಬೇಕಾಗುತ್ತದೆ. ಆದ್ದರಿಂದ ಭೇಟಿ ಮುಗಿದ ದಿನವೇ ‘ಸರ್, ಇಂದು ತಾವು ಹೇಳಿದಂತೆ ಎರಡನೇ ಅಧ್ಯಾಯದ ಆಕರಗಳನ್ನು 20ನೇ ತಾರೀಖಿನೊಳಗೆ ತಿದ್ದಿ ತರುತ್ತೇನೆ, ಉಳಿದ ಭಾಗ ಸದ್ಯಕ್ಕೆ ಹಾಗೆಯೇ ಇರಲಿ ಎಂದು ಭಾವಿಸಿದ್ದೇನೆ’ ಎಂದು ಇಮೇಲ್ ಕಳಿಸಿ. ಒಪ್ಪಿಗೆಯಿಲ್ಲದಿದ್ದರೆ ಅವರೇ ತಿಳಿಸುತ್ತಾರೆ. ಒಪ್ಪಿಗೆಯಿದ್ದರೆ ನಿಮ್ಮ ಕೆಲಸಕ್ಕೆ ಒಂದು ಗಡಿ ಸಿಗುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿಯ ಪ್ರಕಾರ ಪ್ರತಿ ಸಂಶೋಧನಾರ್ಥಿಗೂ ಸಂಶೋಧನಾ ಸಲಹಾ ಸಮಿತಿ ಇರಬೇಕು, ಪ್ರತಿ ಸೆಮಿಸ್ಟರ್‌ನಲ್ಲಿ ಅದರ ಮುಂದೆ ಪ್ರಗತಿಯನ್ನು ಮಂಡಿಸಬೇಕು. ಅದನ್ನು ಬರಿಯ ಸಹಿಯ ಶಾಸ್ತ್ರವಾಗಲು ಬಿಡದೆ, ಗೈಡ್ ಅವರಲ್ಲಿ ಕೇಳಲಾಗದ್ದನ್ನು ಅಲ್ಲಿ ಕೇಳಿ. ಪಿಎಚ್.ಡಿ. ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು. ‘ಇನ್ನೂ ಮುಗಿಯಲಿಲ್ವಾ?’ ಎಂದು ಮನೆಯವರು ಕೇಳಿದಾಗ ಈ ಲೆಕ್ಕವನ್ನು ಕೂತು ವಿವರಿಸಿ. ಅವರು ನಿಮ್ಮ ವಿರೋಧಿಗಳಲ್ಲ, ಎಂ.ಎ. ಹಾಗೆ ಇದಕ್ಕೂ ಎರಡು ವರ್ಷ ಎಂದುಕೊಂಡಿರುತ್ತಾರೆ.

ಫೆಲೋಶಿಪ್ ಇಲ್ಲದೆ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾ ಓದುವವರ ಹಣದ ಚಿಂತೆಯನ್ನು ಯಾವ ಇಮೇಲೂ ನೀಗಿಸದು, ಅದು ನಿಜ.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡವೆನ್ನಿಸಿದರೆ ಎರಡು ವಾರ ಕಾಯಬೇಡಿ, ಆ ಕ್ಷಣವೇ ಕರೆ ಮಾಡಿ. ಪಿಎಚ್.ಡಿ. ಬಿಡಬೇಕೋ ಬೇಡವೋ ಎಂಬುದನ್ನು ನಿದ್ದೆ ಮರಳಿದ ಮೇಲೆ ತೀರ್ಮಾನಿಸಿ.