ಮಾಗಿದ ಗಾಯ ಮತ್ತೆ ಒಸರುವುದೇಕೆ?

ಪ್ರಶ್ನೆ: ಲ್ಯಾಪ್ರೊಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ತೂತು ಕೊರೆದು ಮಾಡುವ ಆಪರೇಷನ್) ಪಿತ್ತಕೋಶ ತೆಗೆಸಿ ತಿಂಗಳಾದ ಮೇಲೆ, ಮಾಗಿದ್ದ ತೂತಿನಲ್ಲೇ ಗಂಟೆದ್ದು ನೀರು ಒಸರುವುದುಂಟಂತೆ. ಮಾಮೂಲಿ ಆಂಟಿಬಯೋಟಿಕ್‌ಗೂ ಬಗ್ಗುವುದಿಲ್ಲವಂತೆ, ಯಾಕೆ?

ಉತ್ತರ: ವಾರದೊಳಗೆ ಕೀವಾದರೆ ಸಾಮಾನ್ಯ ಸೋಂಕು. ಮೂರ್ನಾಲ್ಕು ವಾರ ಬಿಟ್ಟು ಗಂಟೆದ್ದರೆ ಮೊದಲ ಅನುಮಾನ ನೀರಿನಲ್ಲಿ ಬದುಕುವ ಮೈಕೋಬ್ಯಾಕ್ಟೀರಿಯಾದ ಮೇಲೆ. ಇದು ಕ್ಷಯದ ರೋಗಾಣುವಿನ ದಾಯಾದಿ, ಅದಕ್ಕೇ ಮಾಮೂಲಿ ಆಂಟಿಬಯೋಟಿಕ್‌ಗೆ ಬಗ್ಗದು.

ದಾರಿ ಸಾಮಾನ್ಯವಾಗಿ ಉಪಕರಣಗಳದ್ದೇ. ಉದ್ದ ಕೊಳವೆಯಂಥ ಇಕ್ಕಳವನ್ನು ಬಿಚ್ಚದೆ ತೊಳೆದರೆ ಕೀಲುಸಂದಿಯಲ್ಲಿ ರಕ್ತದ ಕರೆ ಉಳಿಯುತ್ತದೆ. ಅದರಡಿಯ ರೋಗಾಣುವಿಗೆ ಅದನ್ನು ಕೊಲ್ಲುವ ದ್ರಾವಣ ಮುಟ್ಟುವುದೇ ಇಲ್ಲ. ಎರಡು ಆಪರೇಷನ್‌ಗಳ ನಡುವೆ ಶೇ. 2ರ ಗ್ಲುಟರಾಲ್ಡಿಹೈಡ್ ಎಂಬ ರೋಗಾಣುನಾಶಕ ದ್ರಾವಣದಲ್ಲಿ 20 ನಿಮಿಷ ಅದ್ದಿದರೆ ಸ್ಪೋರುಗಳು (ಕೆಲವು ಬ್ಯಾಕ್ಟೀರಿಯಾಗಳ ಗಟ್ಟಿ ಕವಚದ ಸುಪ್ತ ರೂಪ) ಸಾಯವು, ಅದಕ್ಕೆ ಸುಮಾರು 10 ಗಂಟೆ ಬೇಕು. ಆಮೇಲೆ ನಲ್ಲಿ ನೀರಲ್ಲಿ ಜಾಲಾಡಿದರಂತೂ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆ! ಬಿಚ್ಚಿ, ಬ್ರಷ್ ಹಾಕಿ, ಒಣಗಿಸಿ, ಆಟೋಕ್ಲೇವ್ (ಒತ್ತಡದ ಬಿಸಿ ಹಬೆಯಲ್ಲಿ ಶುದ್ಧಿ) ಮಾಡಬೇಕು. ಹೊಟ್ಟೆಯೊಳಗೆ ನೋಡುವ ಟೆಲಿಸ್ಕೋಪ್ ಶಾಖ ತಾಳದಿದ್ದರೆ, ಅದನ್ನು ಇಟಿಒ (ಎಥಿಲೀನ್ ಆಕ್ಸೈಡ್) ಅನಿಲದಲ್ಲಿ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಪ್ಲಾಸ್ಮಾದಲ್ಲಿ ಶುದ್ಧಿ ಮಾಡಬೇಕು.

ತೂತಿಗೆ ಸೋಂಕು ತಾಗದಂತೆ ಪಿತ್ತಕೋಶವನ್ನು ಚೀಲಕ್ಕೆ ಹಾಕಿಯೇ ಹೊರತೆಗೆಯಬೇಕು. ದೊಡ್ಡ ಕಲ್ಲಿದ್ದರೆ ಜಗ್ಗಬಾರದು, ಚೀಲ ಹರಿಯುತ್ತದೆ. ತೂತನ್ನು ಕೊಂಚ ಹಿಗ್ಗಿಸುವುದೇ ಲೇಸು.

ಈಗ ಒಸರುವ ನೀರನ್ನು, ಸಾಧ್ಯವಾದರೆ ಗಂಟಿನ ತುಣುಕನ್ನೂ, ಮೈಕೋಬ್ಯಾಕ್ಟೀರಿಯಾ ಕಲ್ಚರ್‌ಗೆ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಕಳಿಸಿ. ಖಚಿತವಾದರೆ ಮಾತ್ರೆ ತಿಂಗಳುಗಟ್ಟಲೆ ನುಂಗಬೇಕಾದೀತು.